ಸಾವಿರ ಪ್ರತಿಯೋ, ಮುನ್ನೂರೋ?

ಪ್ರಶ್ನೆ: ನಮ್ಮ ತಂದೆ ಜಗಳೂರು ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾಗಿದ್ದಾರೆ. ಈಗ ದಾವಣಗೆರೆಯಲ್ಲಿ ನಮ್ಮ ಜೊತೆಗಿದ್ದಾರೆ. ನಮ್ಮಜ್ಜ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಆ ಕಾಲವನ್ನಿಟ್ಟುಕೊಂಡು ಅಪ್ಪ ಒಂದು ಕಾದಂಬರಿ ಬರೆದಿದ್ದಾರೆ. ಅಚ್ಚಾದರೆ 208 ಪುಟವಾಗುತ್ತದಂತೆ. ಬೆಂಗಳೂರಿನ ಪ್ರಕಾಶಕರೊಬ್ಬರು, 'ಸಾವಿರ ಪ್ರತಿ ಹಾಕೋಣ, 1,10,000 ರೂಪಾಯಿ ಕೊಡಿ. ಮುನ್ನೂರು ಪ್ರತಿ ಗ್ರಂಥಾಲಯಕ್ಕೆ ಹೋಗುತ್ತದೆ, ಉಳಿದದ್ದು ಅಂಗಡಿಗಳಲ್ಲಿ ಮಾರಾಟವಾಗುತ್ತದೆ, ವರ್ಷದೊಳಗೆ ನಿಮ್ಮ ದುಡ್ಡು ನಿಮಗೆ' ಎಂದಿದ್ದಾರೆ. ಅಪ್ಪ ನಿವೃತ್ತಿಯ ಹಣದಲ್ಲಿ ಕೊಡಲು ತಯಾರಾಗಿದ್ದಾರೆ. ನನ್ನ ತಮ್ಮ, 'ಈಗ ಯಾರು ಪುಸ್ತಕ ಓದುತ್ತಾರೆ, ಫೇಸ್‌ಬುಕ್‌ನಲ್ಲಿ ಹಾಕಿದರಾಯಿತು' ಎನ್ನುತ್ತಾನೆ. ಆ ಮಾತಿಗೆ ಅಪ್ಪ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ನಿಜಕ್ಕೂ ಓದುಗರಿಲ್ಲವೇ? ಗ್ರಂಥಾಲಯದ ಮಾತನ್ನು ನಂಬಬಹುದೇ? ನಾವು ಏನು ಮಾಡಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹರಿಹರದಲ್ಲಿ ನನಗೆ ಪರಿಚಯವಿದ್ದ ಹಿರಿಯ ಕವಿಯೊಬ್ಬರ ನಡುಮನೆಯಲ್ಲಿ, ಕಿಟಕಿಯ ಕೆಳಗೆ, ಒಂದು ದಿವಾನವಿತ್ತು. ಮೇಲೆ ಹೂವಿನ ಚಿತ್ತಾರದ ಹೊದಿಕೆ. ಎಷ್ಟು ದಪ್ಪದ ಮನುಷ್ಯ ಕೂತರೂ ಒಂದು ಬೆರಳಿನಷ್ಟೂ ತಗ್ಗುತ್ತಿರಲಿಲ್ಲ. ಮೂರನೆಯ ಸಲ ಹೋದಾಗ ಯಾವ ಮರದ್ದು ಎಂದು ಕೇಳಿದೆ. ಅವರು ಏನೂ ಹೇಳದೆ ಹೊದಿಕೆಯ ಅಂಚನ್ನು ಎತ್ತಿ ತೋರಿಸಿದರು. ಕಂದು ಕಾಗದದಲ್ಲಿ ಸುತ್ತಿ ಸುತಳಿ ಬಿಗಿದ ಕಟ್ಟುಗಳು, ಕಟ್ಟಿಗೆ ಇಪ್ಪತ್ತೈದರ ಹಾಗೆ. ಎಲ್ಲವೂ ಅವರದೇ ಕವನ ಸಂಕಲನ. ಒಂಬತ್ತು ವರ್ಷದಿಂದ ಬಂದ ನೆಂಟರು, ಸಾಹಿತಿಗಳು ಅದರ ಮೇಲೆಯೇ ಕೂತು, ಅವರ ಕಾವ್ಯದ ಬಗ್ಗೆಯೇ ಮಾತಾಡಿ, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: 1,10,000 ಕೊಡಬೇಡಿ. ಆದರೆ ಪುಸ್ತಕ ಮಾಡಿ. ಮೇಷ್ಟರು ಊಟ ಬಿಡುವಂಥದ್ದೇನೂ ಆಗಿಲ್ಲ.

ನಾನು ಚಿತ್ರದುರ್ಗದ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ ಈ ಕಸುಬಿಗೆ ಬಂದವನು. ಆಮೇಲೆ ಆಫ್‌ಸೆಟ್, ಕಂಪ್ಯೂಟರಿನಲ್ಲಿ ಪುಟ ಕೂಡಿಸುವ ಡಿಟಿಪಿ, ಕರಡು ತಿದ್ದುವುದು, ಪ್ರಕಾಶನ, ಪುಸ್ತಕ ಹೊತ್ತು ಮಾರುವುದು ಎಲ್ಲವನ್ನೂ ಮಾಡಿದ್ದೇನೆ, ಎಲ್ಲದರಲ್ಲೂ ಒಂದೊಂದು ಸಲ ಕೈ ಸುಟ್ಟುಕೊಂಡಿದ್ದೇನೆ. ಸಾವಿರ ಪ್ರತಿ ಎಂಬ ಮಾತು ಬಾಯಲ್ಲಿ ಹಗುರ, ಮನೆಗೆ ಬಂದಾಗ ಭಾರ. ಲೆಕ್ಕ ನೋಡಿ. 208 ಪುಟ ಎಂದರೆ ಡೆಮಿ 1/8 ಎಂಬ ರೂಢಿಯ ಆಕಾರದಲ್ಲಿ ಹದಿಮೂರು ಫಾರಂ. ಮಡಚಿದಾಗ ಹದಿನಾರು ಪುಟವಾಗುವ ಒಂದು ದೊಡ್ಡ ಹಾಳೆಯೇ ಒಂದು ಫಾರಂ. ಸಾವಿರ ಪ್ರತಿಗೆ 13,000 ಹಾಳೆ, ಅಂದರೆ ಐನೂರು ಹಾಳೆಯ 26 ರೀಮು ಕಾಗದ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದ ಹಾಕಿದರೆ ರಕ್ಷಾಪುಟ ಸೇರಿ ಒಂದು ಪ್ರತಿ ಸುಮಾರು 235 ಗ್ರಾಂ ತೂಗುತ್ತದೆ. ಸಾವಿರಕ್ಕೆ ಎರಡೂಕಾಲು ಕ್ವಿಂಟಲ್ ದಾಟುತ್ತದೆ. ಮನೆಯೊಳಗೆ ನಾಲ್ಕೈದು ಚೀಲ ಮೆಕ್ಕೆಜೋಳ ಇಳಿಸಿದ ಹಾಗೆ. ಮೆಕ್ಕೆಜೋಳಕ್ಕಾದರೆ ನಮ್ಮ ಎಪಿಎಂಸಿಯಲ್ಲಿ ಆ ದಿನದ ಧಾರಣೆ ಎಂಬುದೊಂದು ಇರುತ್ತದೆ. ಪುಸ್ತಕವನ್ನು ಯಾವ ಮಂಡಿಗೆ ಒಯ್ಯುತ್ತೀರಿ?

ಇಲ್ಲಿಂದಲೇ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಓದುವವರಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. 1992ರಲ್ಲಿ ದಾವಣಗೆರೆಯಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ 61ನೇ ಸಾಹಿತ್ಯ ಸಮ್ಮೇಳನ ನಡೆದಾಗ ನಾನು ಪುಸ್ತಕ ಮಳಿಗೆಯೊಂದರ ಮೇಜಿನ ಹಿಂದೆ ನಿಂತಿದ್ದೆ. 2009ರಲ್ಲಿ ಚಿತ್ರದುರ್ಗದಲ್ಲಿ 75ನೇ ಸಮ್ಮೇಳನವಾದಾಗಲೂ ನಿಂತಿದ್ದೆ. ಹದಿನೇಳು ವರ್ಷದ ಅಂತರದಲ್ಲಿ ಕಂಡದ್ದು ಒಂದೇ ನೋಟ. ಹಳ್ಳಿಯಿಂದ ಬಂದವರು ಚೌಕಾಸಿ ಮಾಡಿ, ಮತ್ತೆ ಮತ್ತೆ ಪುಟ ತಿರುವಿ, ಕೊನೆಗೆ ನಾಲ್ಕೈದು ಪುಸ್ತಕಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಹೋಗುವಾಗ ಕೇಳುತ್ತಿದ್ದ ಪ್ರಶ್ನೆಯೂ ಒಂದೇ: 'ಇವು ನಮ್ಮೂರ ಕಡೆ ಎಲ್ಲಿ ಸಿಗುತ್ತವೆ?' ಎರಡು ಸಲವೂ ನನ್ನಲ್ಲಿ ಉತ್ತರವಿರಲಿಲ್ಲ. ಹೊಳಲ್ಕೆರೆಯಲ್ಲೋ ಹೊನ್ನಾಳಿಯಲ್ಲೋ ಕಥೆ-ಕಾದಂಬರಿ ಇಡುವ ಅಂಗಡಿಯನ್ನು ಈಗ ಕೇಳಿದರೂ ತೋರಿಸಲಾರೆ. ಇರುವ ಪುಸ್ತಕದಂಗಡಿಗಳು ಗೈಡು, ನೋಟ್‌ಬುಕ್ಕು, ಪಂಚಾಂಗಗಳಲ್ಲಿ ಹೊಟ್ಟೆ ಹೊರೆಯುತ್ತವೆ. ಅವರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ, ಬಾಡಿಗೆ ಕಟ್ಟಬೇಕಲ್ಲ.

2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು ಸುಮಾರು 4.35 ಕೋಟಿ. ಅಷ್ಟು ಜನರ ಭಾಷೆಯಲ್ಲಿ ಒಂದು ಹೊಸ ಕಾದಂಬರಿಯ ಮೊದಲ ಮುದ್ರಣ ಒಂದು ಕಾಲಕ್ಕೆ ಸಾವಿರ ಇದ್ದದ್ದು ಈಗ ಐನೂರು, ಮುನ್ನೂರಕ್ಕೆ ಇಳಿದಿದೆ. ಓದುವ ಆಸೆ ಬತ್ತಿದ್ದರಿಂದಲೇ ಹೀಗಾಯಿತು ಎನ್ನುವವರು, ನಗರದ ಗ್ರಂಥಾಲಯಕ್ಕೆ ಒಂದು ಬೆಳಿಗ್ಗೆ ಹೋಗಿ ಬರಲಿ. ಕುರ್ಚಿ ಖಾಲಿ ಇರುವುದಿಲ್ಲ. ಆದರೆ ಕೂತವರ ಕೈಯಲ್ಲಿರುವುದು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪರೀಕ್ಷೆಯ ಪುಸ್ತಕ. ಓದು ಸತ್ತಿಲ್ಲ, ನೌಕರಿಯ ಬೆನ್ನು ಹತ್ತಿದೆ.

ನಿಮ್ಮ ತಮ್ಮನ ಮಾತಿನಲ್ಲಿ ನಿಜವೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ನಾನು ಹುಡುಗನಾಗಿದ್ದಾಗ ಚಿತ್ರದುರ್ಗದಲ್ಲಿ ದಿನಕ್ಕೆ ಇಷ್ಟು ಪೈಸೆ ಎಂದು ಕಾದಂಬರಿ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ವಾರಪತ್ರಿಕೆಯಲ್ಲಿ ಧಾರಾವಾಹಿ ಓದಿದವರು ಅದು ಪುಸ್ತಕವಾದಾಗ ಮತ್ತೆ ಓದುತ್ತಿದ್ದರು. ಆ ಓದುಗರ, ಅದರಲ್ಲೂ ಹೆಣ್ಣುಮಕ್ಕಳ, ಸಂಜೆಯ ಹೊತ್ತನ್ನು ತೊಂಬತ್ತರ ದಶಕದಿಂದ ಟಿವಿ ಧಾರಾವಾಹಿ ತೆಗೆದುಕೊಂಡಿತು. ಮೊಬೈಲ್ ಬಂದದ್ದು ಆಮೇಲೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂದಲ್ಲ, ಬರುತ್ತದೆ. ವೇಗವಿಲ್ಲ. ನನ್ನ ಮೊಮ್ಮಗಳು ಮನೆಯಲ್ಲಿ ಪಟಪಟನೆ ಕನ್ನಡ ಮಾತಾಡುತ್ತಾಳೆ. ಪುಸ್ತಕ ಹಿಡಿದರೆ ಬೆರಳಿಟ್ಟು ಅಕ್ಷರ ಕೂಡಿಸುತ್ತಾಳೆ, 'ಸೂರ್ಯ'ದ ಅರ್ಕಾವತ್ತಿಗೆ ಬಂದಾಗ ನಿಲ್ಲುತ್ತಾಳೆ. ಸಾಲು ಮುಗಿಯುವಷ್ಟರಲ್ಲಿ ಸಾಲಿನ ಮೊದಲು ಏನಿತ್ತು ಎಂಬುದು ಮರೆತಿರುತ್ತದೆ. ಹಾಗೆ ಓದುವವರಿಗೆ ಕಥೆ ಕಥೆಯಾಗಿ ಸಿಗುವುದೇ ಇಲ್ಲ. ಇದು ಹತ್ತು ವರ್ಷ ಕಳೆದ ಮೇಲೆ ಮಾರಾಟದ ಲೆಕ್ಕದಲ್ಲಿ ಕಾಣಿಸುವ ನಷ್ಟ.

ಆದರೆ ನಿಮ್ಮ ತಂದೆಯವರ ಕಾದಂಬರಿಯನ್ನು ಓದಬೇಕಾದವರು ಆ ಮಕ್ಕಳಲ್ಲ. ಅವರು ಯಾರೆಂಬುದು ಆಮೇಲೆ.

ಗ್ರಂಥಾಲಯದ ಮುನ್ನೂರು ಪ್ರತಿ. ಇಷ್ಟು ವರ್ಷಗಳಲ್ಲಿ ಹೊಸ ಲೇಖಕರಿಗೆ ತೋರಿಸಿದ ಬೆಲ್ಲಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ. ಪೂರ್ತಿ ಸುಳ್ಳೂ ಅಲ್ಲ, ಅದೇ ತೊಂದರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿ ಯೋಜನೆಯಲ್ಲಿ ಆಯ್ಕೆಯಾದ ಪುಸ್ತಕದ 300 ಪ್ರತಿಗಳನ್ನು ಕೊಳ್ಳುತ್ತ ಬಂದಿದೆ. 'ಆಯ್ಕೆಯಾದ' ಎಂಬ ಪದವನ್ನು ನಿಮ್ಮ ಪ್ರಕಾಶಕರು ನುಂಗಿದ್ದಾರೆ. ಅರ್ಜಿ ಕರೆಯಬೇಕು, ಸಮಿತಿ ಕೂರಬೇಕು, ಪಟ್ಟಿ ಹೊರಬೀಳಬೇಕು, ಆದೇಶ ಬರಬೇಕು, ಪುಸ್ತಕ ಸರಬರಾಜಾಗಬೇಕು, ಬಿಲ್ಲು ಪಾಸಾಗಬೇಕು. ಒಂದು ವರ್ಷದಲ್ಲಿ ಪ್ರಕಟವಾದ ಪುಸ್ತಕದ ಆಯ್ಕೆ ಎರಡು-ಮೂರು ವರ್ಷ ಕಳೆದು ಆದದ್ದುಂಟು. 'ವರ್ಷದೊಳಗೆ ದುಡ್ಡು' ಎಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಬೆಲೆಯೂ ನೀವು ರಕ್ಷಾಪುಟದಲ್ಲಿ ಅಚ್ಚು ಹಾಕಿಸಿದ ಬೆಲೆಯಲ್ಲ. ಪುಟಕ್ಕೆ ಇಷ್ಟು ಎಂದು ಸರ್ಕಾರ ಗೊತ್ತುಮಾಡಿದ ದರವಿರುತ್ತದೆ. 2021-22ರಲ್ಲಿ ಕಾಗದದ ಬೆಲೆ ಕುದುರೆಯಂತೆ ಓಡಿದಾಗ ಆ ದರ ಎತ್ತಿನಗಾಡಿಯಲ್ಲೇ ಇತ್ತು. ಇನ್ನು, ಪುಸ್ತಕ ಪ್ರಕಾಶಕರ ಹೆಸರಿನಲ್ಲಿ ಆಯ್ಕೆಯಾದರೆ ಹಣ ಹೋಗುವುದು ಪ್ರಕಾಶಕರ ಖಾತೆಗೆ. ಅದು ಮೇಷ್ಟರ ಕೈಗೆ ಬರುತ್ತದೆಂದು ಅವರು ಕಾಗದದಲ್ಲಿ ಬರೆದುಕೊಟ್ಟಿದ್ದಾರೆಯೇ?

ಹಣ ಯಾಕೆ ತಡ ಎಂಬುದನ್ನು ತಿಳಿಯಬೇಕಾದರೆ ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ಕೆಳಗೆ 'ಗ್ರಂಥಾಲಯ ಕರ' ಎಂಬ ಸಾಲಿದೆ. 1965ರ ಗ್ರಂಥಾಲಯ ಕಾಯ್ದೆಯಂತೆ ವಸೂಲಾಗುವ ಕರ ಇದು, ಈಗ ಆಸ್ತಿ ತೆರಿಗೆಯ ಶೇ 6. ತೆರಿಗೆ 5,000 ಆಗಿದ್ದರೆ 300 ರೂಪಾಯಿಯನ್ನು ನೀವು ಪುಸ್ತಕಕ್ಕೆಂದೇ ಕೊಟ್ಟಿದ್ದೀರಿ. ನಗರಸಭೆ, ಪಾಲಿಕೆಗಳು ಇದನ್ನು ವಸೂಲಿ ಮಾಡಿ ಗ್ರಂಥಾಲಯಗಳಿಗೆ ದಾಟಿಸಬೇಕು. ವಸೂಲಿ ತಪ್ಪುವುದಿಲ್ಲ, ದಾಟಿಸುವುದು ತಪ್ಪುತ್ತದೆ. ಬಾಕಿ ಬೆಳೆಯುತ್ತದೆ, ಇಲಾಖೆಯ ಖರೀದಿ ಕುಂಟುತ್ತದೆ, ಪ್ರಕಾಶಕರ ಬಿಲ್ಲು ಕಪಾಟಿನಲ್ಲಿ ಕೂರುತ್ತದೆ. ಪುಸ್ತಕ ಮೇಳಗಳಲ್ಲಿ ಪ್ರಕಾಶಕರು ಒಬ್ಬರನ್ನೊಬ್ಬರು ಕಂಡಾಗ 'ಚೆನ್ನಾಗಿದ್ದೀರಾ' ಎಂದ ಮೇಲೆ ಕೇಳುವ ಎರಡನೆಯ ಪ್ರಶ್ನೆ, 'ಲೈಬ್ರರಿ ದುಡ್ಡು ಬಂತಾ?'

ಈ ಖರೀದಿ ಇರಬಾರದೆಂದು ನಾನು ಹೇಳುವುದಿಲ್ಲ. ಶಾಸನ, ಜಾನಪದ, ಸಂಶೋಧನೆಯ ಎಷ್ಟೋ ಪುಸ್ತಕಗಳು ಅದರಿಂದಲೇ ಬೆಳಕು ಕಂಡಿವೆ. ಆದರೆ ಅದು ಕನ್ನಡ ಪ್ರಕಾಶನಕ್ಕೆ ಒಂದು ಅಭ್ಯಾಸ ಕಲಿಸಿತು: ಕೊಳ್ಳುವವನು ಓದುವವನೇ ಆಗಬೇಕಿಲ್ಲ ಎಂಬ ಅಭ್ಯಾಸ. ನಾನು ಡಿಟಿಪಿ ಮಾಡುತ್ತಿದ್ದ ಕಾಲದಲ್ಲಿ ಪ್ರಕಾಶಕರೊಬ್ಬರು ಬಂದು ನನ್ನ ಬೆನ್ನ ಹಿಂದೆ ನಿಂತು, 'ಅಕ್ಷರದ ಗಾತ್ರ ಹನ್ನೆರಡು ಪಾಯಿಂಟ್ ಬೇಡ, ಹದಿನಾಲ್ಕು ಮಾಡು. ಸಾಲಿನ ನಡುವೆ ಸ್ವಲ್ಪ ಗಾಳಿ ಬಿಡು. ಅಧ್ಯಾಯ ಬಲಪುಟದಲ್ಲೇ ಶುರುವಾಗಲಿ' ಎಂದರು. 96 ಪುಟದ ಕಥಾಸಂಕಲನ ಸಂಜೆಯ ಹೊತ್ತಿಗೆ 128 ಪುಟವಾಯಿತು. ಒಂದೇ ಒಂದು ವಾಕ್ಯವೂ ಹೆಚ್ಚಿರಲಿಲ್ಲ. ಪುಟದ ಲೆಕ್ಕದಲ್ಲಿ ದುಡ್ಡು ಬರುವಾಗ ಅಕ್ಷರಕ್ಕೆ ಬೊಜ್ಜು ಬರುತ್ತದೆ. ಇಲಾಖೆಯನ್ನೇ ನೆಚ್ಚಿಕೊಂಡವರು ಅಂಗಡಿಯವರ ಜೊತೆಗಿನ ವ್ಯವಹಾರವನ್ನು ಬೆಳೆಸಲಿಲ್ಲ, ತಾಲ್ಲೂಕಿಗೆ ಒಬ್ಬ ಮಾರಾಟಗಾರನನ್ನು ಹುಡುಕಲಿಲ್ಲ. ಸಮ್ಮೇಳನದ ಮಳಿಗೆಯಲ್ಲಿ ನನಗೆ ಉತ್ತರ ಸಿಗದೆ ಹೋದದ್ದಕ್ಕೆ ಇದೂ ಒಂದು ಕಾರಣ.

ನಿಮ್ಮಿಂದ ಹಣ ಕೇಳಿದ ಪ್ರಕಾಶಕರನ್ನು ಮೋಸಗಾರರೆಂದು ಕರೆಯುವ ಮೊದಲು ಅವರ ಲೆಕ್ಕವನ್ನೂ ನೋಡೋಣ. ಪುಸ್ತಕದ ಬೆಲೆ 240 ರೂಪಾಯಿ ಇಟ್ಟರೆಂದುಕೊಳ್ಳಿ. ಅಂಗಡಿಯವರು, ವಿತರಕರು ಶೇ 40 ಕೇಳುತ್ತಾರೆ. 96 ಹೋಯಿತು, 144 ಉಳಿಯಿತು. ಲೇಖಕರಿಗೆ ರೂಢಿಯಂತೆ ಶೇ 10 ಗೌರವಧನ ಕೊಟ್ಟರೆ 24 ಹೋಗಿ 120. ಅವರೇ ಹೇಳಿದ ದರದಲ್ಲಿ ಪ್ರತಿಗೆ 110 ಖರ್ಚು. ಉಳಿದ ಹತ್ತು ರೂಪಾಯಿಯಲ್ಲಿ ಸಾಗಣೆ, ಗೋದಾಮು, ನೌಕರರ ಸಂಬಳ, ಮಾರಾಟವಾಗದೆ ಹಿಂದೆ ಬಂದ ಹರಕು ಪ್ರತಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಒಳ್ಳೆಯದೇ. ಆದರೆ ಕಾಗದಕ್ಕೆ, ಮುದ್ರಣದ ಕೂಲಿಗೆ ಇದೆ. ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದಲೇ ಅಲ್ಲಿ ಕಟ್ಟಿದ್ದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಅಂಗಡಿಯವರಿಂದ ಹಣ ಬರಲು ಆರು ತಿಂಗಳಾದರೆ ಬೇಗ ಬಂತು ಎನ್ನಬೇಕು. ಹೀಗಿರುವಾಗ ಹೊಸ ಹೆಸರಿನ ಕಾದಂಬರಿಗೆ ಕೈಯಿಂದ ಹಣ ಹಾಕುವ ಪ್ರಕಾಶಕರು ಬೆರಳೆಣಿಕೆಯಷ್ಟು. ಉಳಿದವರು ನಷ್ಟವನ್ನು ಲೇಖಕರ ಹೆಗಲಿಗೆ ದಾಟಿಸುತ್ತಾರೆ. ಅದನ್ನು ಬಾಯಿಬಿಟ್ಟು ಹೇಳಿ ಮಾಡಿದರೆ ವ್ಯಾಪಾರ. 'ದುಡ್ಡು ವಾಪಸ್ ಬರುತ್ತದೆ' ಎಂದು ಆಸೆ ಹುಟ್ಟಿಸಿ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಹಸ್ತಪ್ರತಿಯನ್ನು ಸ್ವಂತ ಬಂಡವಾಳ ಹಾಕುವ ಪ್ರಕಾಶಕರಿಗೆ ಕಳುಹಿಸಿ ಕಾಯುವುದು ಒಂದು. ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ: ನೀವು ಒಂದು ಪೈಸೆ ಹಾಕುವುದಿಲ್ಲ, ಪುಸ್ತಕ ಅವರ ಹೆಸರಿನ ಬಲದಲ್ಲಿ ಓಡಾಡುತ್ತದೆ. ಅಪಾಯವೆಂದರೆ ಕಾಲ. ಉತ್ತರವೇ ಬಾರದೆ ಎರಡು ವರ್ಷ ಕಳೆಯಬಹುದು. ಮೇಷ್ಟರ ವಯಸ್ಸನ್ನು ನೋಡಿ ನೀವೇ ತೀರ್ಮಾನಿಸಿ. ನಾನಾದರೆ ಮೂರು ಕಡೆ ಕಳುಹಿಸಿ, ಆರು ತಿಂಗಳ ಗಡುವು ಹಾಕಿಕೊಳ್ಳುತ್ತೇನೆ. ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿಯ ಪ್ರೋತ್ಸಾಹಧನದ ಬಗ್ಗೆ ಯಾರಾದರೂ ಹೇಳಿಯಾರು. ಅದು ಯುವ ಬರಹಗಾರರಿಗೆ, ವಯಸ್ಸಿನ ಮಿತಿಯಿದೆ. ಎಪ್ಪತ್ತರ ಹತ್ತಿರ ಚೊಚ್ಚಲ ಪುಸ್ತಕ ಬರೆದವರಿಗೆ ಯಾರೂ ಪ್ರೋತ್ಸಾಹ ಕೊಡುವುದಿಲ್ಲ. ಅವರಿಗೆ ಅದು ಬೇಡವೆಂದುಕೊಂಡಿದ್ದಾರೋ ಏನೋ.

ತಮ್ಮನ ಫೇಸ್‌ಬುಕ್ ದಾರಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಎರಡು ಅಧ್ಯಾಯ ಹಾಕಲಿ, ಗಿರಣಿಯ ಹಳಬರ ಮಕ್ಕಳು ಅಲ್ಲೇ ಸಿಕ್ಕಾರು. ಇಡೀ ಕಾದಂಬರಿಯನ್ನು ಹಾಕಿದರೆ ಮೂರನೆಯ ದಿನಕ್ಕೆ ಅದರ ಪಿಡಿಎಫ್ ವಾಟ್ಸಾಪ್‌ನಲ್ಲಿ ಲೇಖಕರ ಹೆಸರಿಲ್ಲದೆ ತಿರುಗುತ್ತಿರುತ್ತದೆ. ಇ-ಪುಸ್ತಕದಲ್ಲಿ ಕನ್ನಡ ಮೊದಲೇ ಹಿಂದೆ ಬಿದ್ದಿತು. 2016ರ ಕೊನೆಯಲ್ಲಿ ಅಮೆಜಾನ್‌ನ ಇ-ಪುಸ್ತಕ ಸೇವೆ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳಿಗೆ ಬಾಗಿಲು ತೆರೆದಾಗ ನಾವು ಹೊಸ್ತಿಲಲ್ಲೇ ನಿಂತೆವು. ಕನ್ನಡದವರೇ ಕಟ್ಟಿಕೊಂಡ ಆ್ಯಪ್‌ಗಳು ಈಗ ಇವೆ. ಧ್ವನಿಪುಸ್ತಕಕ್ಕೂ ಕೇಳುಗರಿದ್ದಾರೆ. ಅದು ಎರಡನೆಯ ಹೆಜ್ಜೆಯಾಗಲಿ.

ನಾನು ಹೇಳುವ ದಾರಿ ಇದು: ಮುನ್ನೂರು ಪ್ರತಿ, ನಿಮ್ಮದೇ ಹೆಸರಿನಲ್ಲಿ ಪ್ರಕಟಣೆ, ಅಚ್ಚಿಗೆ ಹೋಗುವ ಮೊದಲೇ ಅರ್ಧದಷ್ಟು ಮಾರಾಟ. ಮುನ್ನೂರಕ್ಕೆ ಕೊಟೇಶನ್ ತರಿಸಿದಾಗ ಪ್ರತಿಗೆ ಬೀಳುವ ಖರ್ಚು ಹೆಚ್ಚು ಕಾಣುತ್ತದೆ, ಗಾಬರಿಯಾಗಬೇಡಿ. ಆಫ್‌ಸೆಟ್‌ನಲ್ಲಿ ಪ್ಲೇಟು, ಯಂತ್ರ ಹೊಂದಿಸುವ ಕೂಲಿ ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದ ಸಣ್ಣ ಸಂಖ್ಯೆಗೆ ಡಿಜಿಟಲ್ ಮುದ್ರಣವನ್ನೂ ವಿಚಾರಿಸಿ. ಪ್ರತಿಗೆ 150 ಬಿತ್ತೆಂದೇ ಇಟ್ಟುಕೊಳ್ಳಿ, 45,000 ಆಯಿತು. ಇನ್ನೂರೈವತ್ತು ಪ್ರತಿಯನ್ನು ನೀವೇ ಪೂರ್ತಿ ಬೆಲೆಗೆ ಮಾರಿದರೆ 60,000 ಬರುತ್ತದೆ. ಅದೇ ಇನ್ನೂರೈವತ್ತನ್ನು ಸಾವಿರದ ಮುದ್ರಣದಲ್ಲಿ ಮಾರಿದರೆ 50,000 ನಷ್ಟದ ಜೊತೆಗೆ ಏಳುನೂರೈವತ್ತು ಪ್ರತಿಯ ದಿವಾನ. ಮುನ್ನೂರು ಮುಗಿದರೆ ಮತ್ತೆ ಅಚ್ಚು ಹಾಕಿಸಲು ಎರಡು ವಾರ ಸಾಕು. 'ಎರಡನೆಯ ಮುದ್ರಣ' ಎಂದು ಹಾಕಿಸುವ ಸುಖವೂ ಸಿಗುತ್ತದೆ.

ಕೊಳ್ಳುವವರು ಯಾರು? ಮೂವತ್ತೊಂದು ವರ್ಷ ಪಾಠ ಹೇಳಿದವರು ಈ ಪ್ರಶ್ನೆ ಕೇಳಬಾರದು. ವರ್ಷಕ್ಕೆ ಅರವತ್ತು ಮಕ್ಕಳೆಂದರೂ ಸಾವಿರದ ಎಂಟುನೂರು ಜನ ಮೇಷ್ಟರಿಂದ ಷಟ್ಪದಿಯ ಲಕ್ಷಣ ಕಲಿತಿದ್ದಾರೆ. ಎಸ್ಸೆಸ್ಸೆಲ್ಸಿ ಬ್ಯಾಚುಗಳ ವಾಟ್ಸಾಪ್ ಗುಂಪುಗಳಿವೆ. ನಮ್ಮ ಕಡೆ ಈಚೆಗೆ ವಾರಕ್ಕೊಂದು ಗುರುವಂದನೆ ನಡೆಯುತ್ತದೆ. ಮೇಷ್ಟರ ಮನೆಯಲ್ಲಿ ಇಡಲು ಜಾಗವಿಲ್ಲದಷ್ಟು ಶಾಲು, ಫಲಕ ಸೇರಿರಬೇಕು. ಮುಂದಿನ ಗುರುವಂದನೆಯವರಿಗೆ ಸಂಕೋಚವಿಲ್ಲದೆ ಹೇಳಲಿ: ಶಾಲು ಬೇಡ, ಬ್ಯಾಚಿನವರೆಲ್ಲ ಒಂದೊಂದು ಪ್ರತಿ ಕೊಳ್ಳಿ. ಇನ್ನೊಂದು ಕಡೆ ಗಿರಣಿಯವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಆ ಕೈಗಳ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಇದ್ದಾರೆ. ತಮ್ಮಜ್ಜನ ಪಾಳಿಯ ಸೈರನ್ನಿನ ಬಗ್ಗೆ ಬರೆದ ಪುಸ್ತಕವಿದೆಯೆಂದು ಅವರಿಗೆ ಯಾರಾದರೂ ಹೇಳಬೇಕಷ್ಟೇ. ಪ್ರಕಟಣಪೂರ್ವ ಬೆಲೆ 180 ಎಂದು ಗೊತ್ತುಮಾಡಿ, ಹೆಸರು, ವಿಳಾಸ, ಹಣ ಮೂರನ್ನೂ ಮೊದಲೇ ಪಡೆಯಿರಿ. ನೂರೈವತ್ತು ಪ್ರತಿ ಈ ಬೆಲೆಗೆ ಹೋದರೆ ಮೇಲೆ ಹೇಳಿದ 60,000 ಬದಲು 51,000 ಬರುತ್ತದೆ, ಆದರೂ ಅಚ್ಚಿನ 45,000 ಹುಟ್ಟುತ್ತದೆ. ಇದು ಹೊಸ ಉಪಾಯವೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಹುಟ್ಟಿದ ಮೇಲೆ ಚಂದಾದಾರ ಓದುಗರನ್ನು ನಂಬಿಯೇ ಬೆಳೆಯಿತು. ನೂರೈವತ್ತು ಹೆಸರು ಸೇರದಿದ್ದರೆ ಮುನ್ನೂರೂ ಬೇಡ, ನೂರು ಹಾಕಿಸಿ.

ಕಳುಹಿಸುವ ಖರ್ಚಿನ ಬಗ್ಗೆ ಒಂದು ಸಮಾಧಾನ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಯಾವ ಸೂಚನೆಯನ್ನೂ ಕೊಡದೆ, ಕಡಿಮೆ ದರದಲ್ಲಿ ಪುಸ್ತಕ ಕಳುಹಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ತೆಗೆದಾಗ ನಮ್ಮಂಥವರ ಸೊಂಟವೇ ಮುರಿದಿತ್ತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬುದು ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ ಎಂದು ಆಗ ಗೊತ್ತುಪಡಿಸಿದ್ದರು, ತೆರಿಗೆ ಬೇರೆ. ನಿಮ್ಮ ಪುಸ್ತಕ 235 ಗ್ರಾಂ ಎಂದೆನಲ್ಲ, ತೆಳುವಾದ ಲಕೋಟೆ ಹಾಕಿದರೆ ಮೊದಲ ದರದಲ್ಲೇ ಹೋಗುತ್ತದೆ. ದಪ್ಪ ರಟ್ಟಿನ ಪೆಟ್ಟಿಗೆ, ಹೆಚ್ಚಿನ ಜಿಎಸ್‌ಎಂ ಕಾಗದದ ಶೋಕಿ ಬೇಡ. ಒಂದೊಂದು ಗ್ರಾಂ ಇಲ್ಲಿ ದುಡ್ಡು.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಾದರೂ ಎರಡು ಸಾವಿರ, ಐದು ಸಾವಿರ ಕೇಳಿದರೆ ನಕ್ಕು ಎದ್ದು ಬನ್ನಿ. ನಮ್ಮ ದೇಶದಲ್ಲಿ ಅದು ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಪುಸ್ತಕ ಬಂದ ಮೂವತ್ತು ದಿನಗಳಲ್ಲಿ 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳುಹಿಸಿ. ನಾವೆಲ್ಲ ಇರಲಿ ಇಲ್ಲದಿರಲಿ, ಅಲ್ಲಿ ಅದು ಇರುತ್ತದೆ. ಜಗಳೂರು ತಾಲ್ಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನೂ ಮರೆಯಬೇಡಿ. 2019ರಲ್ಲಿ ಅವು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಎಂಬ ಹೆಸರು. ಕೆಲವು ಕಡೆ ನಿಜಕ್ಕೂ ಜೀವ ಬಂದಿದೆ. ಮೇಷ್ಟರು ಕೆಲಸ ಮಾಡಿದ ಊರುಗಳಿಗೆ ಒಂದೊಂದು ಪ್ರತಿ ಉಚಿತವಾಗಿ ಕೊಡಲಿ. ಉಚಿತ ಪ್ರತಿ ಎಂದು ನಾನು ಒಪ್ಪುವುದು ಅಷ್ಟನ್ನೇ.

ಯಾಕೆಂದರೆ ಬಿಡುಗಡೆ ಸಮಾರಂಭದಲ್ಲಿ ಮುನ್ನೂರರಲ್ಲಿ ನೂರು 'ಗೌರವ ಪ್ರತಿ'ಯಾಗಿ ಮಾಯವಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ವೇದಿಕೆಯ ಮೇಲಿನ ಎಂಟು ಜನಕ್ಕೆ, ಅವರ ಕಾರಿನ ಚಾಲಕರಿಗೆ, ಹಾರ ತಂದವರಿಗೆ, ಫೋಟೊ ತೆಗೆದವರಿಗೆ. ಭವನದ ಬಾಡಿಗೆ, ಫ್ಲೆಕ್ಸು, ಊಟ ಸೇರಿದರೆ ಬಿಡುಗಡೆಯ ಖರ್ಚು ಮುದ್ರಣದ ಖರ್ಚನ್ನು ದಾಟಿದ ಉದಾಹರಣೆಗಳಿವೆ. ಕುವೆಂಪು ಕನ್ನಡ ಭವನದಲ್ಲಿ ಮಾಡಬೇಕೆಂಬ ಆಸೆ ಮೇಷ್ಟರಿಗಿದ್ದರೆ ಮಾಡಿ, ತಪ್ಪಲ್ಲ. ಆದರೆ ಬಾಗಿಲಲ್ಲಿ ಒಂದು ಮೇಜು ಹಾಕಿ, ಚಿಲ್ಲರೆ ಇಟ್ಟುಕೊಂಡು, ಯುಪಿಐ ಚೀಟಿ ಅಂಟಿಸಿ ನೀವೇ ಕೂರಿ. ಲೇಖಕರ ಮನೆಯವರೇ ಕೂತಿದ್ದರೆ ಪುಕ್ಕಟೆ ಕೇಳಲು ಜನ ನಾಚುತ್ತಾರೆ.

ಯಾರ ಜೊತೆಗಾದರೂ ಒಪ್ಪಂದ ಮಾಡಿಕೊಳ್ಳುವುದಾದರೆ ಬರವಣಿಗೆಯಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ಬಿಟ್ಟುಕೊಡುವುದು ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದಾಗುತ್ತದೆ. 'ಎಲ್ಲ ಹಕ್ಕುಗಳೂ ಶಾಶ್ವತವಾಗಿ' ಎಂಬ ಸಾಲು ಕಂಡರೆ ಸಹಿ ಹಾಕಬೇಡಿ. ಸಿನಿಮಾ, ಅನುವಾದ, ಧ್ವನಿಪುಸ್ತಕದ ಹಕ್ಕು ಮೇಷ್ಟರಲ್ಲೇ ಉಳಿಯಲಿ.

ಡಿಟಿಪಿಯವರಿಂದ ಪಿಡಿಎಫ್ ಮಾತ್ರವಲ್ಲ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುವ ಯೂನಿಕೋಡ್‌ನಲ್ಲಿರುವ ಮೂಲ ಕಡತವನ್ನೂ ಕೇಳಿ ಪಡೆಯಿರಿ. 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಕೂಡಿಸಿದ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ಮರುಮುದ್ರಣಕ್ಕೆಂದು ಈಗ ತೆರೆದರೆ ಪರದೆಯ ತುಂಬ ಅರ್ಥವಾಗದ ಗೀಚು. ಪರಿವರ್ತಿಸಿದ ಮೇಲೂ ಒತ್ತಕ್ಷರ ಜಾಗ ಬಿಟ್ಟಿರುತ್ತದೆ, ಅರ್ಕಾವತ್ತು ಬೇರೆ ಅಕ್ಷರದ ಹೆಗಲೇರಿರುತ್ತದೆ. ಅದಕ್ಕೇ ಕರಡು ತಿದ್ದುವವರಿಗೆ ಬೇರೆಯಾಗಿ ಹಣ ಎತ್ತಿಡಿ. ಲೇಖಕರೇ ತಿದ್ದಿದರೆ ಸಾಲದು. ಕನ್ನಡ ಮೇಷ್ಟರೇ ಆದರೂ ತಾವು ಬರೆದದ್ದರಲ್ಲಿ ತಮಗೆ ಬೇಕಾದದ್ದನ್ನೇ ಕಾಣುತ್ತಾರೆ. ಒಮ್ಮೆ ನನ್ನದೇ ಪುಸ್ತಕದ ಅರ್ಪಣೆಯ ಪುಟದಲ್ಲಿ ಅಮ್ಮನ ಹೆಸರು ತಪ್ಪಾಗಿ ಅಚ್ಚಾಯಿತು. ಐದು ಸಲ ಓದಿದ್ದೆ.

ನಿಮ್ಮ ಪತ್ರದಲ್ಲಿ ಹೇಳದೇ ಬಿಟ್ಟ ಒಂದು ವಿಷಯವಿದೆ. ಮೇಷ್ಟರ ಕಾಲದವರು ಬರೆಯುವುದು ಕೈಯಲ್ಲಿ, ಉದ್ದದ ನೋಟ್‌ಬುಕ್ಕಿನಲ್ಲಿ. ಇರುವುದು ಒಂದೇ ಪ್ರತಿ. ಬೆಂಗಳೂರಿಗೋ ಡಿಟಿಪಿಗೋ ಕೊಡುವ ಮೊದಲು ಅದನ್ನು ಪುಟಪುಟವೂ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಜೆರಾಕ್ಸ್ ಪ್ರತಿಯನ್ನು ನಿಮ್ಮ ತಮ್ಮನ ಮನೆಯಲ್ಲಿಡಿ. ಬಿಡುವಾದಾಗ ಅವನೂ ಓದಿಯಾನು.